ನಾನು ಹೊಲಿದ ಎಂಟು

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಕಬಡ್ಡಿ ಹುಡುಗರು ಬಂದರು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಹಾಲ್ ಬಹಳ ಚಿಕ್ಕದು. ಐದಾರು ಜನ ಚಾಪೆ ಮೇಲೆ ಕೂತರು, ಉಳಿದವರು ಬಾಗಿಲಾಚೆ ಮೆಟ್ಟಿಲ ಮೇಲೆ ನಿಂತರು. ಎಲ್ಲರೂ ತಲೆಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದಿದ್ದರು. ಅವರನ್ನು ನಾನು ಹಾಗೆ ನೋಡಿದ್ದೇ ಇಲ್ಲ. ನಮ್ಮ ಯಜಮಾನರನ್ನು ಕರೆಯಲು ಅವರು ಬರುತ್ತಿದ್ದದ್ದು ಯಾವಾಗಲೂ ಮಂಡಿಯವರೆಗೆ ಮಣ್ಣು ಮೆತ್ತಿಕೊಂಡು. ನಾನು ಅವರನ್ನು ಒಳಗೆ ಬನ್ನಿ ಅಂತಲೂ ಕರೆಯುತ್ತಿರಲಿಲ್ಲ.

ಯಜಮಾನರಿಗೆ ಮೂವತ್ತೆಂಟು ವಯಸ್ಸು. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಕೆಲಸಕ್ಕೆ ಮುಂಚೆ ಬೆಳಗ್ಗೆ ಒಂದೂವರೆ ಗಂಟೆ, ಕೆಲಸ ಮುಗಿದ ಮೇಲೆ ಎರಡು ಗಂಟೆ ಗ್ರೌಂಡಿನಲ್ಲಿರುತ್ತಿದ್ದರು. ಮಂಡಿನೋವು ಬಂದು ಆಡುವುದನ್ನು ಬಿಟ್ಟ ಮೇಲೂ ಹುಡುಗರಿಗೆ ಹೇಳಿಕೊಡಲು ಹೋಗುತ್ತಿದ್ದರು. ಅಲ್ಲೇ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಮಾತಾಡಿದ್ದು ತಂಡದ ಕ್ಯಾಪ್ಟನ್. ಇಪ್ಪತ್ತೈದಾರು ವಯಸ್ಸಿನವನು. ಯಜಮಾನರ ಕೈಯಲ್ಲೇ ಆಟ ಕಲಿತವನು. ಆಗ ಅವನಿಗೆ ಹೊಸದಾಗಿ ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿತ್ತು.

"ಅತ್ತಿಗೆ, ನಾವೆಲ್ಲ ಸೇರಿ ಒಂದು ತೀರ್ಮಾನ ಮಾಡಿದೀವಿ. ಅಣ್ಣನ ನಂಬರನ್ನ ಇನ್ಮೇಲೆ ಯಾರಿಗೂ ಕೊಡಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದ. ಆಫೀಸಿನ ಕಂಪ್ಯೂಟರಿನಿಂದ ಪ್ರಿಂಟ್ ಹಾಕಿಸಿಕೊಂಡು ಬಂದದ್ದು, ಕಪ್ಪು ಬಿಳುಪು.

"ಅಮೇರಿಕಾದಲ್ಲಿ ಬೇಸ್‌ಬಾಲ್ ಅಂತ ಆಡ್ತಾರೆ. ನಮ್ಮ ಕ್ಯಾಂಟೀನ್ ಟಿವೀಲಿ ಹಾಕಿರ್ತಾರೆ. ದೊಣ್ಣೇಲಿ ಚೆಂಡು ಹೊಡ್ದು ಸುತ್ತ ಓಡೋದು. ಅಲ್ಲಿ ಒಂದು ತಂಡಕ್ಕೆ ಯಾರಾದ್ರೂ ತುಂಬಾ ಚೆನ್ನಾಗಿ ಆಡಿದ್ರೆ, ಅವ್ರು ಆಟ ಬಿಟ್ಮೇಲೆ ಅವ್ರ ಅಂಗಿ ನಂಬರಿಗೆ ರಿಟೈರ್‌ಮೆಂಟ್ ಕೊಟ್ಬಿಡ್ತಾರೆ. ಆ ತಂಡದಲ್ಲಿ ಇನ್ಯಾರೂ ಅದನ್ನ ಹಾಕ್ಕೊಳಂಗಿಲ್ಲ. ಸ್ಟೇಡಿಯಂ ಗೋಡೆ ಮೇಲೆ ದೊಡ್ಡದಾಗಿ ಬರ್ದಿಡ್ತಾರೆ. ಒಬ್ಬರ ನಂಬರನ್ನಂತೂ ಎಲ್ಲಾ ತಂಡದೋರೂ ಬಿಟ್ಟಿದಾರೆ."

ಮೆಟ್ಟಿಲ ಮೇಲಿಂದ ಒಬ್ಬ, "ನಂಬರಿಗೆ ಪೆನ್ಶನ್ನೂ ಬರ್ತದಾ ಮಗಾ?" ಅಂದ.

"ಸಾವಿನ ಮನೆ ಕಣೋ, ಮುಚ್ಕೊಂಡಿರು," ಅಂತ ಇನ್ನೊಬ್ಬ ಗದರಿದ.

ನನಗೆ ನಗು ಬಂತು. ಹನ್ನೊಂದು ದಿನದಲ್ಲಿ ಮೊದಲ ಸಲ. ಆ ನಗುವಿನ ಗುಂಗಿನಲ್ಲೇ ಕೇಳಿಬಿಟ್ಟೆ: "ಯಾವ ನಂಬರು?"

ಯಾರೂ ಮಾತಾಡಲಿಲ್ಲ. ಚಾಪೆ ಮೇಲಿದ್ದವನೊಬ್ಬ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ಕೂತ. ಕ್ಯಾಪ್ಟನ್ ಕಾಗದವನ್ನು ಮಡಿಸುತ್ತಾ, ತುಂಬ ಮೆಲ್ಲಗೆ, "ಎಂಟು, ಅತ್ತಿಗೆ," ಅಂದ.

ಮದುವೆಯಾಗಿ ಹತ್ತು ವರ್ಷ. ಅವರು ಆಡುತ್ತಿದ್ದಷ್ಟು ಕಾಲ ಆ ಅಂಗಿಯನ್ನು ವಾರಕ್ಕೆ ಎರಡು ಸಲವಾದರೂ ಒಗೆದಿದ್ದೇನೆ. ಬಟ್ಟೆಯನ್ನು ಒಳಮಗ್ಗಲು ಮಾಡಿ ಒಗೆಯುವುದು ನನ್ನ ತಾಯಿ ಕಲಿಸಿದ ರೂಢಿ. ಒಳಮಗ್ಗಲಲ್ಲೇ ಹರವುತ್ತಿದ್ದೆ, ಒಳಮಗ್ಗಲಲ್ಲೇ ಮಡಿಸಿಡುತ್ತಿದ್ದೆ. ಮಣ್ಣಿನ ಕಲೆ ಎಲ್ಲೆಲ್ಲಿ ಇರುತ್ತದೆ ಅಂತ ಗೊತ್ತಿತ್ತು. ಮೆರೂನ್ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆ ಜೊತೆ ನೆನೆಸಬಾರದು ಅಂತಲೂ ಗೊತ್ತಿತ್ತು. ಬೆನ್ನ ಮೇಲೆ ಏನು ಬರೆದಿದೆ ಅಂತ ಮಾತ್ರ ನೋಡಿರಲಿಲ್ಲ. ಅವರು ಅದನ್ನು ಹಾಕಿಕೊಂಡು ಆಡಿದ ಒಂದು ಆಟವನ್ನೂ ನಾನು ಹೋಗಿ ನೋಡಿದವಳಲ್ಲ.

ಹುಡುಗರು ಹೊರಟಾಗ ಕ್ಯಾಪ್ಟನ್ ಹಿಂದೆ ಉಳಿದ.

"ಶನಿ ನಂಬರು ಅಂತ ಎಂಟು ಯಾರಿಗೂ ಬೇಡವಾಗಿತ್ತು ಅತ್ತಿಗೆ. ಅಣ್ಣನೇ, 'ನನಗೆ ಕೊಡ್ರೋ, ನಮ್ಮನೇಲಿ ಬೈಸಿಕೊಂಡು ಅಭ್ಯಾಸ ಇದೆ, ಶನಿ ಏನ್ ಮಹಾ' ಅಂದ್ರು." ಅಂದು ನಕ್ಕು, ನಕ್ಕಿದ್ದಕ್ಕೆ ತಾನೇ ನಾಚಿಕೊಂಡ. "ಅಣ್ಣನ ಅಂಗಿ ಸಿಕ್ಕರೆ ಕೊಡ್ತೀರಾ? ಫ್ರೇಮ್ ಹಾಕಿಸಿ ಕ್ಲಬ್ ರೂಮಲ್ಲಿ ಇಡ್ತೀವಿ. ಕೊನೇ ಆಟದಲ್ಲಿ ಅಣ್ಣ ಬೇರೆಯೋರ ಅಂಗಿ ಹಾಕ್ಕೊಂಡು ಆಡಿದ್ರು. ಮನೇಲಿ ಎಲ್ಲೂ ಸಿಗ್ಲಿಲ್ಲ ಅಂದ್ರು. ಅದೊಂದು ನನಗೆ ಬೇಜಾರು. ಇನ್ನೊಂದ್ಸಲ ಹುಡುಕಿ ಅತ್ತಿಗೆ, ಎಲ್ಲಾದ್ರೂ ಇದ್ದೇ ಇರುತ್ತೆ. ಒಗೀಬೇಡಿ, ಹಂಗೇ ಕೊಡಿ."

ಅಂಗಿ ಮನೆಯಲ್ಲಿರಲಿಲ್ಲ. ಅದು ಎಲ್ಲಿ ಹೋಯಿತು ಅಂತ ಗೊತ್ತಿದ್ದದ್ದು ನನಗೊಬ್ಬಳಿಗೆ.

ಅವರು ತೀರಿಹೋಗುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕಿತ್ತು. ವಿಜಯನಗರದ ಕಡೆ ಒಂದು ಒಳ್ಳೆಯ ಸ್ಕೂಲು. ಅಪ್ಪ ಅಮ್ಮ ಇಬ್ಬರೂ ಬರಲೇಬೇಕು ಅಂತ ಹೇಳಿದ್ದರು. ಯಜಮಾನರು ತಂಡವನ್ನು ಕರೆದುಕೊಂಡು ತುಮಕೂರಿಗೆ ಹೋಗಿದ್ದರು, ಹನ್ನೊಂದು ಗಂಟೆಗೆ ಬಂದುಬಿಡ್ತೀನಿ ಕಣೇ ಅಂದಿದ್ದರು. ಬಂದದ್ದು ಸಾಯಂಕಾಲ. ನಾನು ಮಗಳ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದೆ. ನಮ್ಮ ಹೆಸರನ್ನು ಎರಡು ಸಲ ಕರೆದರು, ಆಮೇಲೆ ಕರೆಯಲಿಲ್ಲ. ಸೀಟು ಹೋಯಿತು. ಮನೆಗೆ ಬಂದವರು ಕಪ್ ತೋರಿಸಿದರು. ನಾನು ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಅವರು ಕೆಲಸಕ್ಕೆ ಹೋದ ಮೇಲೆ ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತುಕೊಂಡು ಬೀದಿಗೆ ಬಂದಳು. ನಾನು ನನ್ನ ಎರಡು ಸೀರೆ, ಅವರ ಎರಡು ಪ್ಯಾಂಟು ತಂದು ಹಾಕಿದೆ. ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ನನ್ನ ಕಣ್ಣಿಗೆ ಬಿದ್ದಿತ್ತು.

"ಇದಕ್ಕೆ ಅದು ಬರಲ್ಲಕ್ಕಾ. ಇನ್ನೊಂದು ಏನಾದ್ರೂ ಹಾಕು."

ಒಳಗೆ ಹೋದೆ. ಬೀರುವಿನ ಕೆಳಗಿನ ಖಾನೆಯಲ್ಲಿ ಅದು ಮಡಿಸಿ ಇಟ್ಟಿತ್ತು. ತಂದು ಮೇಲೆ ಹಾಕಿದೆ.

ಅವಳು ಕೊಡವಿ, ಹೊರಮಗ್ಗಲು ಮಾಡಿ ಬೆನ್ನು ನೋಡಿ, "ನಂಬರ್ ಇರೋದು. ಇದನ್ನ ಯಾರು ಹಾಕ್ಕೋತಾರೆ? ನೆಲ ಒರ್ಸೋಕೆ ಆಗ್ಬೇಕು," ಅಂದಳು.

"ನೆಲಾನೇ ಒರ್ಸಲಿ ಬಿಡು," ಅಂದೆ.

ಅವಳ ಕೈಯಲ್ಲಿ ಅದು ಬಿಚ್ಚಿಕೊಂಡಿತ್ತು. ಬೆನ್ನು ಅವಳ ಕಡೆಗಿತ್ತು. ಯಾವ ನಂಬರು ಅಂತ ಆಗಲೂ ನಾನು ನೋಡಲಿಲ್ಲ. ಡಬ್ಬಿ ಒಳಗೆ ತಂದು ತೊಳೆದು ತೊಗರಿಬೇಳೆ ತುಂಬಿದೆ.

ಐದಾರು ತಿಂಗಳಾದ ಮೇಲೆ ಹಳೆಯ ಆಟಗಾರರೆಲ್ಲ ಸೇರಿ ಒಂದು ಆಟ ಆಡುವುದು ಅಂತಾಯಿತು. ಅವರು ಅಂಗಿ ಹುಡುಕಿದರು. ಬೀರು, ಟ್ರಂಕು, ಮಂಚದ ಕೆಳಗೆ. "ನೋಡಿದ್ಯೇನೇ?" ಅಂದರು. "ನಿಮ್ಮ ಅಂಗಿ ನನಗೇನು ಗೊತ್ತು? ಇಲ್ಲೇ ಎಲ್ಲೋ ಇರುತ್ತೆ," ಅಂದೆ. ಆಮೇಲೆ ಅಟ್ಟ ನೋಡಬೇಕು ಅಂದರು. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು, ಅವರ ಮಂಡಿಯೂ ಸರಿ ಇರಲಿಲ್ಲ. ನಾನು ಸ್ಟೂಲ್ ಹಿಡಿದುಕೊಂಡೆ. ಅವರು ಒಂದೊಂದೇ ಗೋಣಿಚೀಲ ಬಿಚ್ಚಿ ನೋಡಿ ಮತ್ತೆ ಕಟ್ಟಿ ಇಡುತ್ತಿದ್ದರು, ನನ್ನ ಮುಖಕ್ಕೆ ಧೂಳು ಬೀಳುತ್ತಿತ್ತು. ಇಲ್ಲದ ಅಂಗಿಗೋಸ್ಕರ ಹುಡುಕುತ್ತಿದ್ದಾರೆ ಅಂತ ಗೊತ್ತಿದ್ದೂ ಅರ್ಧ ಗಂಟೆ ಹಿಡಿದುಕೊಂಡು ನಿಂತಿದ್ದೆ. ಕೊನೆಗೆ ಇಳಿದು, "ಗ್ರೌಂಡಲ್ಲೇ ಬಿಟ್ಟಿರ್ತೀನಿ ಬಿಡು, ನನ್ನ ತಲೆ," ಅಂದರು.

ಇನ್ನೊಬ್ಬರ ಅಂಗಿ ಹಾಕಿಕೊಂಡು ಆಡಿ ಬಂದರು. ಅದಾಗಿ ತಿಂಗಳಿಗೆ ಹೋದರು.

ಸಿಗಲಿಲ್ಲಪ್ಪಾ ಅಂತ ಕ್ಯಾಪ್ಟನ್‌ಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನೂ ಅದಕ್ಕೆ ತಯಾರಾಗಿದ್ದ. ಆದರೆ ಯಾವ ನಂಬರು ಅಂತ ನಾನು ಕೇಳಿದಾಗ ಆ ಹುಡುಗರು ಸುಮ್ಮನಾದದ್ದು ನನ್ನ ಕಿವಿಯಿಂದ ಹೋಗಲಿಲ್ಲ. ಅವನು ಬಿಟ್ಟುಹೋದ ಕಾಗದವನ್ನು ದಿನಾ ತೆಗೆದು ನೋಡುತ್ತಿದ್ದೆ. ಅದರಲ್ಲಿ ಸ್ಟೇಡಿಯಮ್ಮಿನ ಗೋಡೆ ಮೇಲೆ ದುಂಡಗಿನ ಹಲಗೆಗಳು, ಒಂದೊಂದರಲ್ಲೂ ಒಂದೊಂದು ಅಂಕಿ. ಕೆಳಗೆ ಹುಲ್ಲಿನ ಮೇಲೆ ವಯಸ್ಸಾದ ಒಬ್ಬ ಹೆಂಗಸು ನಿಂತು ಜನರ ಕಡೆ ಕೈ ಬೀಸುತ್ತಿದ್ದಳು. ತೀರಿಹೋದ ಆಟಗಾರನ ಹೆಂಡತಿ ಅಂತ ಅವನು ಹೇಳಿದ್ದ. ಆಕೆಗೆ ನಂಬರು ಗೊತ್ತಿದ್ದಿರಬೇಕು ಅಂತ ನನಗೆ ಅನ್ನಿಸುತ್ತಿತ್ತು.

ಒಂದು ದಿನ ಮಗಳನ್ನು ಸ್ಕೂಲಿಗೆ ಬಿಟ್ಟು ಹಾಗೇ ವಿಜಯನಗರದ ಅಂಗಡಿಗೆ ಹೋಗಿ ಒಂದು ಮೆರೂನ್ ಟೀ ಶರ್ಟ್ ತಂದೆ. ಗೋಡೆಯ ಮೇಲೆ ತಂಡದ ಗ್ರೂಪ್ ಫೋಟೋ ಇತ್ತು, ಅದನ್ನು ಇಳಿಸಿ ಮುಂದೆ ಇಟ್ಟುಕೊಂಡೆ. ತೋಳಿಗೆ ಹಳದಿ ಪಟ್ಟಿ, ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಒಬ್ಬ ಹುಡುಗನ ಅಂಗಿಯಲ್ಲಿ ಬಿಳಿ ಬಟ್ಟೆಯ ಅಂಕಿ ಹೊಲಿದದ್ದು ಅಂತ ಕಂಡಿತು. ಸೀರೆಗೆ ಫಾಲ್ಸ್ ಹಾಕಿಕೊಡುತ್ತಿದ್ದರಿಂದ ಮನೆಯಲ್ಲಿ ಮೆಷಿನ್ ಇತ್ತು. ಅವರದೇ ಒಂದು ಹಳೆ ಪಂಚೆಯಿಂದ ಎಂಟು ಕತ್ತರಿಸಿದೆ. ಎಂಟನ್ನು ಕತ್ತರಿಸುವುದು ಸುಲಭವಲ್ಲ. ಕೆಳಗಿನ ಸೊನ್ನೆಗೆ ಚೊಂಬಿನ ಬಾಯಿ, ಮೇಲಿನದಕ್ಕೆ ಕಾಫಿ ಲೋಟ, ಒಳಗಿನ ತೂತಿಗೆ ಮುಲಾಮು ಡಬ್ಬಿಯ ಮುಚ್ಚಳ ಇಟ್ಟು ಪೆನ್ಸಿಲ್ಲಿನಲ್ಲಿ ಗೀಚಿಕೊಂಡೆ. ಎರಡು ಸಲ ಹಾಳಾಯಿತು.

ಹೊಸದಾಗಿ ಕಾಣುತ್ತಿತ್ತು. ಸೋಡಾದಲ್ಲಿ ನೆನೆಸಿ ಒಗೆಯುವ ಕಲ್ಲಿನ ಮೇಲೆ ಬಡಿದು ಮಹಡಿ ಮೇಲೆ ಬಿಸಿಲಿಗೆ ಹಾಕಿದೆ. ಹೀಗೇ ಹತ್ತು ಹನ್ನೆರಡು ದಿನ. ಕೆಳಗಿನ ಮನೆಯವರು ನೋಡಿ, "ಏನ್ರೀ ಇದು, ಒಂದೇ ಅಂಗಿ ದಿನಾ ಒಗೀತೀರಾ?" ಅಂದರು. "ಅವರದು," ಅಂದೆ. ಅವರು ನನ್ನ ತೋಳು ಹಿಡಿದುಕೊಂಡು ಅತ್ತುಬಿಟ್ಟರು. ನಾನೂ ಅತ್ತೆ. ಆ ಅಳು ಸುಳ್ಳಲ್ಲ. ಅಂಗಿ ಮಾತ್ರ ಸುಳ್ಳು.

ಹಳೆಯದರ ಎಡ ಭುಜದಲ್ಲಿ ಹರಿದದ್ದು ನೆನಪಿತ್ತು. ಮಂಡ್ಯಕ್ಕೆ ಆಡಲು ಹೋದಾಗ ಹರಿದುಕೊಂಡು ಬಂದಿದ್ದರು. ಮನೆಯಲ್ಲಿ ನೀಲಿ ದಾರ ಬಿಟ್ಟು ಬೇರೆ ಇರಲಿಲ್ಲ, ಬೈದುಕೊಂಡೇ ಅದರಲ್ಲೇ ಹೊಲಿದು ಕೊಟ್ಟಿದ್ದೆ. ಈಗ ಬ್ಲೇಡಿನಲ್ಲಿ ಅದೇ ಜಾಗ ಹರಿದೆ. ನೀಲಿ ದಾರ ಪೋಣಿಸಿ ಕೈಯಲ್ಲಿ ಹೊಲಿದೆ. ಮಟಮಟ ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಗ್ರೌಂಡಿಗೆ ಹೋಗಿ ಒಂದು ಕವರಿನಲ್ಲಿ ಮಣ್ಣು ತುಂಬಿಕೊಂಡು ಬಂದು ಎದೆಗೂ ತೋಳಿಗೂ ತಿಕ್ಕಿದೆ. ಆ ಗ್ರೌಂಡಿಗೆ ನಾನು ಕಾಲಿಟ್ಟದ್ದು ಅದೇ ಮೊದಲು.

"ಎಲ್ಲಿ ಸಿಕ್ತು ಅತ್ತಿಗೆ?" ಅಂದ ಕ್ಯಾಪ್ಟನ್.

"ಅಟ್ಟದ ಮೇಲೆ, ಗೋಣಿಚೀಲದಲ್ಲಿ."

ಅವನು ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಭುಜದ ಹೊಲಿಗೆ ಹುಡುಕಿದ. ಬೆರಳಿಂದ ಸವರಿದ. "ಮಂಡ್ಯ," ಅಂದ, ಅಷ್ಟೇ.

ಗ್ರೌಂಡಿನ ಪಕ್ಕದ ಕ್ಲಬ್ಬಿನ ರೂಮಿನಲ್ಲಿ ಗಾಜಿನ ಚೌಕಟ್ಟಿನೊಳಗೆ ಅದನ್ನು ತೂಗುಹಾಕಿದರು. ತಂಡದ ಲೆಕ್ಕದಲ್ಲಿ ಏಳಾದ ಮೇಲೆ ಒಂಬತ್ತು ಬಂತು. ಪ್ರತಿ ವರ್ಷ ಆಯುಧ ಪೂಜೆಯ ದಿನ ನನಗೆ ಹೇಳಿಕಳಿಸುತ್ತಿದ್ದರು. ಮೊದಲ ವರ್ಷ ನಾನು ಹಿಂದೆ ನಿಂತಿದ್ದೆ. ಗಂಡ ಸತ್ತವಳನ್ನು ಅಂಥ ಕಡೆ ಯಾರು ಮುಂದಕ್ಕೆ ಕರೆಯುತ್ತಾರೆ? ಕ್ಯಾಪ್ಟನ್ ಬಂದು, "ಅತ್ತಿಗೇನೇ ಮೊದಲು ಹೂ ಹಾಕಬೇಕು. ಆಮೇಲೇ ನಾವೆಲ್ಲ," ಅಂದ. ಅಲ್ಲಿದ್ದ ಒಬ್ಬರು ಹಿರಿಯರು ಏನೋ ಗೊಣಗಿದರು. "ಸಾರ್, ಇದು ನಮ್ಮ ರೂಮು," ಅಂದುಬಿಟ್ಟ. ನಮ್ಮ ಅಣ್ಣತಮ್ಮಂದಿರ ಮನೆಯಲ್ಲೂ ನನಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ಸೇವಂತಿಗೆ ಹಾರ ಹಿಡಿದುಕೊಂಡು ನಾನು ನನ್ನ ಹೊಲಿಗೆಯ ಮುಂದೆಯೇ ನಿಂತಿದ್ದೆ. ಹೊಸದಾಗಿ ಸೇರಿದವರಿಗೆ ಕ್ಯಾಪ್ಟನ್ ಭುಜದ ಕಡೆ ಬೆರಳು ತೋರಿಸುತ್ತಿದ್ದ: "ನೋಡ್ರೋ, ಇದು ಮಂಡ್ಯದಲ್ಲಿ ಮೂರು ಜನ ಹಿಡಿದಾಗ ಹರಿದದ್ದು. ಅಣ್ಣ ಅಂಗಿ ಬಿಟ್ರು, ಲೈನ್ ಬಿಡ್ಲಿಲ್ಲ. ಅತ್ತಿಗೆ ಹೊಲಿದುಕೊಟ್ಟಿದ್ದು." ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಒಂದಿಬ್ಬರು ಕಾಲಿಗೂ ನಮಸ್ಕಾರ ಮಾಡುತ್ತಿದ್ದರು.

ಹೀಗೆ ಏಳು ವರ್ಷ. ಅಷ್ಟರಲ್ಲಿ ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದೆ. ಮಗಳು ಎಂಟನೇ ಕ್ಲಾಸಿನಲ್ಲಿದ್ದಳು. ಕ್ಲಬ್ಬಿನಲ್ಲಿ ಹುಡುಗಿಯರ ತಂಡ ಶುರುಮಾಡಿದಾಗ ಮೊದಲು ಹೆಸರು ಕೊಟ್ಟವಳು ಅವಳೇ. ನಾನು ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಜನವರಿಯಲ್ಲಿ ಕೆಂಗೇರಿಯಲ್ಲಿ ಟೂರ್ನಮೆಂಟ್ ಅಂತ ಗೊತ್ತಾದ ವಾರ ಕ್ಯಾಪ್ಟನ್ ಅವಳನ್ನು ಕರೆದುಕೊಂಡು ಮನೆಗೆ ಬಂದ. ಅವನಿಗೆ ಆಗಲೇ ಮದುವೆಯಾಗಿ ಹೊಟ್ಟೆ ಬಂದಿತ್ತು.

"ಇವಳು ಒಂದು ಕೇಳ್ತಾಳೆ ಅತ್ತಿಗೆ. ನೀವು ಹೂಂ ಅಂದ್ರೆ ಮಾತ್ರ."

ಮಗಳು ಗೋಡೆಗೆ ಒರಗಿ ನಿಂತು, "ನಂಗೆ ಎಂಟು ಬೇಕು. ಅಪ್ಪನ ಅಂಗೀನೇ ಬೇಕು. ಫ್ರೇಮಿಂದ ತೆಗೆದು ಒಂದೇ ಒಂದು ಮ್ಯಾಚ್ ಹಾಕ್ಕೊಂಡು ವಾಪಸ್ ಇಡ್ತೀನಿ," ಅಂದಳು.

"ಹುಡುಗರನ್ನೆಲ್ಲ ಕೇಳಿದೆ. ಒಬ್ಬನೂ ಇಲ್ಲ ಅನ್ನಲಿಲ್ಲ," ಅಂದ ಕ್ಯಾಪ್ಟನ್. "ಅಮೇರಿಕಾದಲ್ಲೂ ಹಂಗೇ ಅತ್ತಿಗೆ. ಮನೆಯೋರು ಒಪ್ಪಿದ್ರೆ ನಂಬರ್ ವಾಪಸ್ ಬರೋದು ಉಂಟು. ಇವಳು ಯಾರೋ ಹೊರಗಿನವಳಾ?"

"ಬೇಡ," ಅಂದೆ.

"ಯಾಕೆ?"

"ಬೇಡ ಅಂದ್ರೆ ಬೇಡ."

ಕ್ಯಾಪ್ಟನ್ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅವನು ಮೆಟ್ಟಿಲಿಳಿಯುವವರೆಗೆ ಮಗಳು ಕಾದಳು. "ಅಪ್ಪ ಆಡೋದೂ ನಿನಗೆ ಆಗ್ತಿರ್ಲಿಲ್ಲ. ನಾನು ಆಡೋದೂ ಆಗಲ್ಲ. ಹೂ ಹಾಕೋಕೆ ಮಾತ್ರ ಹೋಗ್ತೀಯ," ಅಂದಳು. ಎರಡು ದಿನ ಮಾತು ಬಿಟ್ಟಳು. ತಟ್ಟೆ ತಾನೇ ಹಾಕಿಕೊಂಡು ತಿಂದು ತಾನೇ ತೊಳೆದಿಟ್ಟಳು.

ಅವಳು ಹೇಳಿದ ಹಾಗೆ ಆಟದ ಮೇಲಿನ ಸಿಟ್ಟೊಂದೇ ಕಾರಣವಾಗಿದ್ದರೆ ನಾನು ಹೂಂ ಅಂದುಬಿಡುತ್ತಿದ್ದೆನೋ ಏನೋ. ಊರಿಗೆಲ್ಲ ಸುಳ್ಳು ಹೇಳಿ ಹೂ ಹಾಕಬಹುದು. ಅದೇ ಸುಳ್ಳನ್ನು ಅವಳ ಮೈಗೆ ತೊಡಿಸಿ, ಅಪ್ಪ ಜೊತೆಗಿದ್ದಾರೆ ಅಂದುಕೊಂಡು ಅವಳು ಅಂಕಣಕ್ಕೆ ಇಳಿಯುವುದನ್ನು ನೋಡಲು ಆಗುವುದಿಲ್ಲ ಅನ್ನಿಸಿತು.

ಭಾನುವಾರ ಬೆಳಗ್ಗೆ ನೆನೆಸಿದ ಅವರೆಕಾಳಿನ ಪಾತ್ರೆ ಮಧ್ಯೆ ಇಟ್ಟುಕೊಂಡು ಇಬ್ಬರೂ ಹಿಸುಕುತ್ತಾ ಕೂತಿದ್ದೆವು. ಮಾತು ಬಿಟ್ಟಿದ್ದರೂ ಹಿತಕಿದಬೇಳೆ ಸಾರು ಅಂದರೆ ಅವಳು ಬಂದು ಕೂರುತ್ತಾಳೆ. ಅವಳ ಮುಖ ನೋಡದೆ ಹೇಳಿದೆ. ಡಬ್ಬಿ, ಪಾತ್ರೆಯವಳು, ಟೀ ಶರ್ಟು, ಪಂಚೆ, ಬ್ಲೇಡು, ಮಣ್ಣು, ಎಲ್ಲ. ಸ್ಕೂಲಿನ ಸೀಟಿನ ವಿಷಯವನ್ನೂ ಹೇಳಹೊರಟೆ. ಅದು ನೆಪದಂತೆ ಕೇಳಿಸಿ ಅಲ್ಲಿಗೇ ಬಿಟ್ಟೆ.

ಅವಳ ಕೈ ನಿಂತಿತ್ತು. ಕೇಳಿದಳು: "ಅಪ್ಪ ಅಟ್ಟ ಹತ್ತಿ ಹುಡುಕಿದ್ರಲ್ಲ, ಆಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನೂ ಹುಡುಕ್ತಿದ್ದೆ. ಮಂಚದ ಕೆಳಗೆ. ಅಪ್ಪ ಮೇಲಿಂದ ಕೂಗೋರು, ಸಿಕ್ತಾ ಪಾರ್ಟ್ನರ್? ಅಂತ. ನಾನು, ಇಲ್ಲ ಪಾರ್ಟ್ನರ್! ಅಂತ. ಇಳಿದು ಬಂದು ಮೂಗಿಗೆ ಧೂಳು ಹಚ್ಚಿದ್ರು." ಅವಳು ನನ್ನ ಕಡೆ ನೋಡಿದಳು. "ಅಪ್ಪನ ಜೊತೆ ನಂಗೆ ಚೆನ್ನಾಗಿ ನೆನಪಿರೋದು ಅದೊಂದೇ ಅಮ್ಮ."

ಸ್ಟೂಲ್ ಹಿಡಿದುಕೊಂಡಿದ್ದಾಗ ಆ ಕೂಗಾಟ ನನ್ನ ಕಿವಿಗೂ ಬಿದ್ದಿರಬೇಕು. ನನಗೆ ಅದರ ನೆನಪೇ ಇಲ್ಲ. ಆ ಹೊತ್ತಿನಲ್ಲಿ ನನಗೆ ನನ್ನ ಕೋಪವೊಂದೇ ಕಾಣುತ್ತಿತ್ತು. ಅವಳ ಹತ್ತಿರ ಅಪ್ಪನದು ಅಂತ ಇದ್ದ ಒಂದು ನೆನಪನ್ನೂ ನಾನು ಆ ಬೆಳಗ್ಗೆ ಕೆಡಿಸಿದೆ. ಹೇಳದೆ ಇದ್ದಿದ್ದರೆ ಅದು ಅವಳಿಗೆ ಉಳಿಯುತ್ತಿತ್ತು.

"ಅಂಕಲ್‌ಗೆ ನಾನು ಹೇಳಲ್ಲ. ನೀನೇ ಹೇಳು," ಅಂದು ಎದ್ದು ಕೈ ತೊಳೆದುಕೊಂಡಳು. ಉಳಿದ ಕಾಳನ್ನು ನಾನೊಬ್ಬಳೇ ಹಿಸುಕಿದೆ.

ಅವತ್ತೇ ಸಾಯಂಕಾಲ ರೂಮಿಗೆ ಹೋದೆ. ಕ್ಯಾಪ್ಟನ್ ಒಬ್ಬನೇ ಇದ್ದ, ಹುಡುಗಿಯರ ಹೊಸ ಅಂಗಿಗಳನ್ನು ಪೊಟ್ಟಣದಿಂದ ತೆಗೆಯುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ. ಕೂತರೆ ಅಳು ಬರುತ್ತದೆ, ಅತ್ತರೆ ಅವನು ಸಮಾಧಾನ ಮಾಡಬೇಕಾಗುತ್ತದೆ ಅಂತ ಭಯವಿತ್ತು.

ಅವನು ಪೂರ್ತಿ ಕೇಳಿಸಿಕೊಂಡ. ಎದ್ದು ಚೌಕಟ್ಟಿನ ಹತ್ತಿರ ಹೋಗಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಈಗ ನೋಡಿದರೆ ಅವನಿಗೆ ಏನು ಕಾಣಬೇಕು?

"ಸಿಗಲಿಲ್ಲ ಅಂದಿದ್ರೆ ಮುಗೀತಿತ್ತಲ್ಲ ಅತ್ತಿಗೆ. ಯಾರು ಕೇಳ್ತಿದ್ರು ನಿಮ್ಮನ್ನ?"

"ಗೊತ್ತಪ್ಪಾ."

"ಎಷ್ಟು ಹುಡುಗರಿಗೆ ನಾನು ಈ ಹೊಲಿಗೆ ತೋರಿಸಿದೀನಿ. ನನ್ನ ಹೆಂಡತೀನ ಮದುವೆಯಾದ ಹೊಸದರಲ್ಲಿ ಕರ್ಕೊಂಡು ಬಂದು ತೋರಿಸಿದೀನಿ." ಅವನ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು. "ಕೊನೇ ಆಟದ ದಿನ ಅಣ್ಣ ನನ್ನ ಹತ್ರ ಏನಂದ್ರು ಗೊತ್ತಾ? ನಮ್ಮೋಳು ಬಲು ಜೋಪಾನದೋಳು, ಮನೇಲಿ ಒಂದು ವಸ್ತು ಕಳೆಯಲ್ಲ, ನಾನೇ ಎಲ್ಲೋ ಕಳ್ಕೊಂಡಿದೀನಿ ಅಂದ್ರು."

ಪೊಟ್ಟಣದಿಂದ ಜಾರಿದ್ದ ಒಂದು ಹೊಸ ಅಂಗಿಯನ್ನು ಎತ್ತಿ ಮಡಿಸಿಟ್ಟೆ.

ಅವನು ಮೊಳೆಯಿಂದ ಚೌಕಟ್ಟು ಇಳಿಸಿದ. ಎಲ್ಲಿಡುವುದು ಅಂತ ತಿಳಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ಕೊನೆಗೆ ಅದರ ಮುಖವನ್ನು ಗೋಡೆಗೆ ಮಾಡಿ ಮೂಲೆಯಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಪ್ರಾಕ್ಟೀಸಿಗೆ ಹುಡುಗರು ಬಂದರು. ಒಬ್ಬ ಬಾಗಿಲಲ್ಲೇ ನಿಂತು, "ಅಣ್ಣಾ, ಅಂಗಿ ಎಲ್ಲಿ ಹೋಯ್ತು?" ಅಂದ.

ಕ್ಯಾಪ್ಟನ್ ನನ್ನ ಕಡೆ ನೋಡಿದ. ಹೇಳಲಿ ಅಂತ ಕಾದ. ನಾನು ಮೂಲೆಯಲ್ಲಿದ್ದ ಚೌಕಟ್ಟಿನ ಹಿಂಬದಿಯನ್ನೇ ನೋಡುತ್ತಾ ನಿಂತೆ.

"ಗಾಜು ಸಡಿಲ ಆಗಿದೆ ಕಣೋ. ರಿಪೇರಿಗೆ ಕೊಡ್ಬೇಕು," ಅಂದ ಅವನು.

ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಕಿವಿ ಕೆಂಪಗಾಯಿತು. ನನ್ನ ಸುಳ್ಳನ್ನು ನಾನು ಒಪ್ಪಿಕೊಂಡು ಬರೋಣ ಅಂತ ಹೋಗಿದ್ದೆ, ಅವನ ತಲೆಗೂ ಒಂದನ್ನು ಕಟ್ಟಿ ಬಂದೆ. ಬಾಗಿಲವರೆಗೆ ಬಂದವನು, "ನಂಬರ್ ಹಂಗೇ ಇರುತ್ತೆ. ಅದರಲ್ಲಿ ಏನೂ ಬದಲಾವಣೆ ಇಲ್ಲ," ಅಂದ. ಅತ್ತಿಗೆ ಅನ್ನಲಿಲ್ಲ.

ಮಗಳು ಅವನ ಹತ್ತಿರ ಎಂಟು ಬೇಡ ಅಂದಳಂತೆ. ಮಿಕ್ಕವರೆಲ್ಲ ಆರಿಸಿಕೊಂಡ ಮೇಲೆ ಉಳಿದಿದ್ದ ಹನ್ನೊಂದು ಅವಳಿಗೆ ಬಂತು.

ಕೆಂಗೇರಿಯ ಟೂರ್ನಮೆಂಟಿಗೆ ನಾನು ಬರಲಾ ಅಂತ ಕೇಳಿದೆ. "ಬರೋದಾದ್ರೆ ಬಾ," ಅಂದಳು. ತಂಡದ ಜೊತೆ ಟೆಂಪೋದಲ್ಲಿ ಕರೆಯಲಿಲ್ಲ. ನಾನು ಬಸ್ಸಿನಲ್ಲಿ ಹೋದೆ. ಮಣ್ಣಿನ ಅಂಕಣ, ಸುತ್ತ ಹಗ್ಗ, ಒಂದು ಕಡೆ ಶಾಮಿಯಾನ. ಹುಬ್ಬಳ್ಳಿ ಕಡೆಯವರು ಒಬ್ಬರು ಹೆಂಗಸು ಪಕ್ಕದಲ್ಲಿ ಕೂತಿದ್ದರು, ಅವರ ಮಗಳು ಎದುರು ತಂಡದಲ್ಲಿದ್ದಳು. ನನಗೆ ಆಟ ಗೊತ್ತಾಗುತ್ತಿರಲಿಲ್ಲ. ಮಗಳು ಆ ಕಡೆ ಹೋಗಿ ಯಾರನ್ನೂ ಮುಟ್ಟದೆ ಗೆರೆ ದಾಟಿ ಕಾಲಿಟ್ಟು ಓಡಿ ಬಂದಾಗ ಔಟಾದಳು ಅಂದುಕೊಂಡು ಅಯ್ಯೋ ಅಂದೆ.

"ಔಟ್ ಅಲ್ಲರೀ ಅಕ್ಕಾರ, ಅದು ಬೋನಸ್! ಪಾಯಿಂಟ್ ತಂದಾಳ ನಿಮ್ಮ ಮಗಳು. ಎಂದೂ ನೋಡಿಲ್ಲೇನು ಕಬಡ್ಡಿ?"

"ಇಲ್ಲಮ್ಮ," ಅಂದೆ.

"ಮನ್ಯಾಗ ಮತ್ತ್ಯಾರೂ ಆಡಂಗಿಲ್ಲೇನ್ರಿ?"

ಮಗಳ ಅಪ್ಪ ಆಡುತ್ತಿದ್ದರು ಅಂತ ಹೇಳಬೇಕು. ಹೇಳಿದರೆ, ಹಂಗಾರ ನೋಡಿಲ್ಲಂತ ಹೆಂಗ ಅಂತ ಕೇಳುತ್ತಾರೆ. ಆದರೂ ಹೇಳಿದೆ. "ನಮ್ಮ ಯಜಮಾನರು ಆಡೋರು. ಹದಿನೈದು ವರ್ಷ ಆಡಿದ್ರು. ನಾನೇ ಹೋಗಿ ನೋಡ್ಲಿಲ್ಲ." ಅವರು ನನ್ನ ಮುಖ ನೋಡಿ ಮತ್ತೇನೂ ಕೇಳಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿಕೊಡತೊಡಗಿದರು, ಯಾವುದು ರೈಡು, ಯಾವಾಗ ಔಟು, ಹಿಡಿದವರಿಗೆ ಎಷ್ಟು ಅಂತ. ತಮ್ಮ ಮಗಳ ಕಡೆಯವರು ಹಿಂದೆ ಬಿದ್ದಾಗಲೂ ಹೇಳಿಕೊಡುವುದನ್ನು ನಿಲ್ಲಿಸಲಿಲ್ಲ.

ಅರ್ಧ ಆಟಕ್ಕೆ ಸೀಟಿ ಊದಿದಾಗ ಮಗಳು ನೀರು ಕುಡಿಯಲು ಹಗ್ಗದ ಹತ್ತಿರ ಬಂದಳು. ಮೈಯೆಲ್ಲ ಮಣ್ಣು. ಮೊಣಕೈ ಕೆತ್ತಿಹೋಗಿತ್ತು. ನಾನು ಬಾಟಲಿ ಚಾಚಿದೆ. ಕುಡಿದಳು. ಏಳೆಂಟು ದಿನದಲ್ಲಿ ಅವಳು ನನ್ನನ್ನು ನೇರವಾಗಿ ನೋಡಿದ್ದು ಆಗಲೇ.

"ಎಷ್ಟು ಪಾಯಿಂಟ್ ತಂದೆ ಹೇಳು."

ನಾನು ಬೆರಳು ಮಡಿಸಿ ಇಟ್ಟುಕೊಂಡಿದ್ದೆ. "ಮೂರು," ಅಂದೆ.

"ನಾಲ್ಕು. ಉದ್ದ ಜಡೆಯವಳ ಕಾಲು ಹಿಡಿದೆನಲ್ಲ, ಅದನ್ನ ಬಿಟ್ಟೆ."

"ಅದು ನಿನ್ನ ಲೆಕ್ಕಕ್ಕೆ ಬರುತ್ತೆ ಅಂತ ಗೊತ್ತಾಗಲಿಲ್ಲ."

"ಬರುತ್ತೆ," ಅಂದು ಬಾಟಲಿ ವಾಪಸ್ ಕೊಟ್ಟು ಅಂಕಣದ ಕಡೆ ನಡೆದಳು. ನಾನು ಶಾಮಿಯಾನದ ನೆರಳು ಬಿಟ್ಟು ಮುಂದೆ ಬಂದು ಹಗ್ಗಕ್ಕೆ ಒತ್ತಿಕೊಂಡು ಬಿಸಿಲಲ್ಲೇ ಕೂತೆ. ಸೀಟಿ ಊದಿದರು. ಇನ್ನೊಂದು ಬೆರಳು ಮಡಿಸಿ ನಾಲ್ಕರಿಂದ ಎಣಿಸಲು ಶುರುಮಾಡಿದೆ.